ಹೆರೆದ ಕೊಂಬು

ಕೆಂಚನದೊಡ್ಡಿ, ಮಳವಳ್ಳಿ ತಾಲ್ಲೂಕು
10 ನವೆಂಬರ್ 2024

ಶ್ವೇತ,

ನಿನ್ನ ಅವ್ವ ಫೋನು ತಂದು ನನ್ನ ಕಿವಿಗೆ ಒತ್ತುತ್ತಾಳೆ. ನೀನು ಆ ಕಡೆಯಿಂದ ಏನೋ ಹೇಳುತ್ತೀಯ, ನನಗೆ ಗುಂಯ್ ಅನ್ನುವ ಸದ್ದು ಬಿಟ್ಟು ಏನೂ ಕೇಳುವುದಿಲ್ಲ. ಹೂಂಗುಟ್ಟಿ ಹೂಂಗುಟ್ಟಿ ಸಾಕಾಯಿತು. ಇನ್ನು ಮೇಲೆ ಕಾಗದವೇ ಸರಿ. ಪೋಸ್ಟ್‌ಮ್ಯಾನು ಹೇಗೂ ಪಿಂಚಣಿ ಕೊಡಲು ಊರಿಗೆ ಬರುತ್ತಾನೆ, ಬರಿಗೈಲಿ ವಾಪಸ್ಸು ಹೋಗುವ ಬದಲು ನನ್ನದೊಂದು ಕಾಗದ ಒಯ್ಯಲಿ.

ಜವರಯ್ಯನ ಎತ್ತಿನ ಜೋಡಿ ಗೊತ್ತಲ್ಲ, ದೊಡ್ಡೋನು ಮತ್ತು ಚಿಕ್ಕೋನು. ಎರಡೂ ಅಪ್ಪಟ ಹಳ್ಳಿಕಾರು, ಕರುಗಳಾಗಿದ್ದಾಗಲೇ ನನ್ನ ಕೈಗೆ ಬಂದವು. ನೆತ್ತಿಯ ಮೇಲೆ ಒತ್ತಾಗಿ ಎದ್ದು, ಹಿಂದಕ್ಕೆ ಹೋಗಿ, ತುದಿಯಲ್ಲಿ ಮುಂದಕ್ಕೆ ಬಾಗಿದ ಕೊಂಬುಗಳು. ದೇವರು ಕೊಟ್ಟದ್ದು ಅರ್ಧ, ಉಳಿದರ್ಧ ನಾನು ಹೆರೆದದ್ದು. ಮದ್ದೂರಿನ ಕಡೆಯಿಂದ ಎತ್ತು ಕೊಳ್ಳಲು ಬಂದವರೂ ಮೊದಲು ಕೊಂಬು ನೋಡಿ "ಇದು ತಿಮ್ಮಯ್ಯನ ಕೈಯಾ?" ಅಂತ ಕೇಳುತ್ತಾರೆ. ಜಂಬ ಅಂದುಕೊಂಡರೆ ಅಂದುಕೊ, ಇರುವುದನ್ನು ಹೇಳಿದೆ.

ಈಚೆಗೆ ದೊಡ್ಡೋನ ಎಡಗೊಂಬು ಯಾಕೋ ಕೆಳಗೆ ವಾಲತೊಡಗಿತ್ತು. ಜವರಯ್ಯ ಹಿಡಿದುಕೊಂಡು ಬಂದ. "ಲೇ ತಿಮ್ಮ, ಇದ್ಯಾಕ್ಲಾ ಇಂಗೆ ಸೊಟ್ಟಗಾಯ್ತು? ಜೋಡಿ ಕೆಟ್ಟೋಯ್ತದೆ. ನೆಟ್ಟಗೆ ಎರೆದುಕೊಡ್ಲಾ" ಅಂದ. ಬೇವಿನ ಮರಕ್ಕೆ ತಲೆ ಬಿಗಿದು, ಉಳಿ ಹಾಕಿ, ಗಾಜಿನ ಚೂರಲ್ಲಿ ಹೆರೆದು, ವಾಲಿದ ಪಕ್ಕವನ್ನು ತೆಳು ಮಾಡಿ, ಬಿಸಿ ಹರಳೆಣ್ಣೆಯ ಬಟ್ಟೆ ಸುತ್ತಿ, ಅಂತೂ ನೆಟ್ಟಗೆ ಕಾಣುವ ಹಾಗೆ ಮಾಡಿದೆ. ನನ್ನ ಮುಂದೆ ಯಾವತ್ತೂ ಅಲ್ಲಾಡದವನು ಈ ಸಲ ಬಹಳ ಕೊಸರಾಡಿದ. ಮುಗಿದ ಮೇಲೆ ಎಡಹೊಳ್ಳೆಯಿಂದ ಒಂದಿಷ್ಟು ರಕ್ತ ತೊಟ್ಟಿಕ್ಕಿತು. ಕಬ್ಬಿನ ಸೋಗೆ ತಿಂದ ಉಷ್ಣ ಅಂದೆ. ತಲೆಯನ್ನು ಒದರುತ್ತಾನೆ, ಕಂಬಕ್ಕೆ ಉಜ್ಜುತ್ತಾನೆ. ಜವರಯ್ಯನ ಹೆಂಡತಿ ಹೊಂಬಾಳಮ್ಮ ದೃಷ್ಟಿ ಆಗಿದೆ ಅಂತ ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದಳು.

ನೀನು ದನದ ಡಾಕ್ಟರಾದ ಮೇಲೂ ಓದುತ್ತಿರುವುದು ಯಾಕೆ ಅಂತ ಊರಲ್ಲಿ ಕೇಳುತ್ತಾರೆ. ದೊಡ್ಡಾಸ್ಪತ್ರೆಯಲ್ಲಿ ಕೊಯ್ಯುವುದು ಕಲಿಯುತ್ತಿದ್ದಾಳೆ ಅಂತ ಹೇಳಿದ್ದೇನೆ. ಸರಿ ತಾನೆ?

ನಿನ್ನ ಅಪ್ಪ,
ತಿಮ್ಮಯ್ಯ


ಪಶುವೈದ್ಯಕೀಯ ಬೋಧನಾ ಆಸ್ಪತ್ರೆಯ ಹಾಸ್ಟೆಲ್
16 ನವೆಂಬರ್ 2024

ಅಪ್ಪ,

ಕಾಗದ ಓದಿದ ಕೂಡಲೇ ಜವರಯ್ಯ ಮಾವನಿಗೆ ಫೋನು ಮಾಡಿದೆ. ಅವರು ನಕ್ಕುಬಿಟ್ಟರು. "ಎತ್ತು ಚೆಂದಾಗಿ ಮೇಯ್ತಾದೆ ಕಣವ್ವ. ಕಬ್ಬು ಕಡಿಯೋ ಕಾಲ, ಗಾಡಿ ಯಾರು ಎಳೀತಾರೆ?" ಅಂದರು. ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ನೀನು ಹೇಳಿದರೆ ಕೇಳುತ್ತಾರೆ.

ಕೊಂಬು ಮೇಲೆ ಉಗುರಿನ ಹಾಗೆ ಗಟ್ಟಿ. ಒಳಗೆ ಎಲುಬು, ಎಲುಬಿನೊಳಗೆ ಟೊಳ್ಳು. ಆ ಟೊಳ್ಳು ತಲೆಯೊಳಗಿನಿಂದ ಮೂಗಿನ ತನಕ ಸೇರಿಕೊಂಡಿದೆ. ಅಲ್ಲಿ ಕೆಟ್ಟ ಮಾಂಸ ಬೆಳೆದರೆ ಬುಡ ಸಡಿಲವಾಗಿ ಕೊಂಬು ವಾಲುತ್ತದೆ, ಮೂಗಿನಲ್ಲಿ ರಕ್ತ ಬರುತ್ತದೆ, ಎತ್ತು ತಲೆ ಒದರುತ್ತದೆ. ನೀನು ಬರೆದದ್ದು ಒಂದೊಂದೂ ಅದೇ. ಕೊಂಬಿನ ಕ್ಯಾನ್ಸರ್. ವಾಲಿದ್ದು ಸೊಟ್ಟಗಾಗಿ ಅಲ್ಲ ಅಪ್ಪ, ಅದನ್ನು ಹೆರೆದು ನೆಟ್ಟಗೆ ಮಾಡುವ ಹಾಗೆಯೇ ಇಲ್ಲ.

ಈಗಲೇ ಕರೆತಂದರೆ ಕೊಂಬು ತೆಗೆದು ಬದುಕಿಸಬಹುದು. ತಡವಾದರೆ ಅದು ತಲೆಯೊಳಕ್ಕೆ ಇಳಿಯುತ್ತದೆ. ಕಬ್ಬು ಆಮೇಲೆ ಕಡಿಯಲಿ. ನೀನೇ ಜೊತೆಗೆ ನಿಂತು ಟೆಂಪೊ ಹತ್ತಿಸು.

ಅಲ್ಲಿಯ ತನಕ ಯಾವ ಎತ್ತಿಗೂ ಉಳಿ ಹಾಕಬೇಡ. ಅವ್ವನ ಮೇಲಾಣೆ.

ಶ್ವೇತ


ಕೆಂಚನದೊಡ್ಡಿ
18 ಜನವರಿ 2025

ಶ್ವೇತ,

ಇಷ್ಟು ದಿನ ಬರೆಯಲಿಲ್ಲ, ಸಿಟ್ಟಿತ್ತು. ಮಗಳನ್ನು ದನದ ಡಾಕ್ಟರು ಮಾಡಿದ್ದು ನನ್ನ ಕೈಗೆ ಕೆಟ್ಟ ಹೆಸರು ತರಲಿಕ್ಕಾ ಅನ್ನಿಸಿತ್ತು. ನಿನ್ನ ಕಾಗದವನ್ನು ಜವರಯ್ಯನಿಗೆ ಓದಿ ಹೇಳಿದೆ, ಅದೇನೂ ಸುಳ್ಳಲ್ಲ. ಆದರೆ ಹೇಗೆ ಓದಬೇಕೋ ಹಾಗೆ ಓದಲಿಲ್ಲ. "ಓದಿರೋ ಹುಡುಗಿ, ಎದರ್ಕೊಂಡವ್ಳೆ" ಅಂತ ನಾನೇ ಒಂದು ಮಾತು ಸೇರಿಸಿದೆ. ಅವನಿಗೂ ಅದೇ ಬೇಕಾಗಿತ್ತು. ಸಂಕ್ರಾಂತಿ ಕಳೆಯಲಿ ಬುಡ್ಲಾ ಅಂದ.

ಹಬ್ಬದ ದಿನ ಕಿಚ್ಚು ಹಾಯಿಸುವ ಮುಂಚೆ ಎತ್ತುಗಳನ್ನು ತೊಳೆದು ಕೊಂಬಿಗೆ ಬಣ್ಣ ಹಚ್ಚಿದೆವು. ತುದಿಗೆ ಹಿತ್ತಾಳೆಯ ಕಳಸ ಸಿಕ್ಕಿಸಲು ದೊಡ್ಡೋನ ಎಡಗೊಂಬು ಹಿಡಿದೆ. ಹಾಲುಹಲ್ಲು ಅಲ್ಲಾಡುವ ಹಾಗೆ ಬುಡದಲ್ಲಿ ಅಲ್ಲಾಡಿತು. ಸಂದಿಯಿಂದ ಕೀವು ಬಂತು. ನಾತ ತಡೆಯಲಾಗದೆ ಸುತ್ತ ನಿಂತಿದ್ದವರು ಹಿಂದೆ ಸರಿದರು. ದೊಡ್ಡೋನು ಮಂಡಿಯೂರಿ ಕೂತುಬಿಟ್ಟ. ಜವರಯ್ಯ ನನ್ನ ಮುಖ ನೋಡಿ, ಕಳಸವನ್ನು ನನ್ನ ಕೈಯಿಂದ ತೆಗೆದುಕೊಂಡ. ಬೈದಿದ್ದರೆ ಚೆನ್ನಾಗಿತ್ತು.

ನಾಳೆ ಬೆಳಿಗ್ಗೆ ಟೆಂಪೊದಲ್ಲಿ ಕಳಿಸುತ್ತಿದ್ದೇವೆ. ಜವರಯ್ಯನೇ ಬರುತ್ತಾನೆ, ನನ್ನನ್ನು ಬೇಡ ಅಂದ. ಈ ಕಾಗದವನ್ನೂ ಅವನ ಕೈಯಲ್ಲೇ ಕೊಟ್ಟು ಕಳಿಸುತ್ತೇನೆ.

ಉಳಿಸಿಕೊಡು ಮಗಳೇ.

ಅಪ್ಪ


ಹಾಸ್ಟೆಲ್
9 ಫೆಬ್ರವರಿ 2025

ಅಪ್ಪ,

ದೊಡ್ಡೋನ ಆಪರೇಷನ್ ಆಯಿತು. ಸದ್ಯ ಬದುಕಿದ್ದಾನೆ.

ಇಲ್ಲಿ ದನಗಳ ಆಪರೇಷನ್ ನಡೆಯುವುದು ಎತ್ತರದ ಶೆಡ್ಡಿನಲ್ಲಿ. ಒಂದು ಪಕ್ಕ ವಿದ್ಯಾರ್ಥಿಗಳು ನಿಂತು ನೋಡಲು ಮೆಟ್ಟಿಲುಗಳಿವೆ, ಅವತ್ತು ಮೆಟ್ಟಿಲು ತುಂಬಿತ್ತು. ದೊಡ್ಡೋನನ್ನು ಕಬ್ಬಿಣದ ಚೌಕಟ್ಟಿನಲ್ಲಿ ನಿಲ್ಲಿಸಿ, ಮರಗಟ್ಟುವ ಇಂಜೆಕ್ಷನ್ ಕೊಟ್ಟು, ತಂತಿ ಗರಗಸದಿಂದ ಕೊಂಬನ್ನು ಬುಡಕ್ಕೇ ಕೊಯ್ದೆವು. ತಂತಿಯ ಒಂದು ತುದಿ ನನ್ನ ಕೈಯಲ್ಲಿತ್ತು. ಒಳಗೆ ಹೂಕೋಸಿನಂತೆ ಬೆಳೆದುಕೊಂಡಿತ್ತು. ಕೈಗೆ ಸಿಕ್ಕಷ್ಟನ್ನೂ ಕೆರೆದು ತೆಗೆದು, ಚರ್ಮ ಎಳೆದು ಹೊಲಿದೆವು. ಇನ್ನು ವಾರಕ್ಕೊಂದು ಇಂಜೆಕ್ಷನ್, ಮನುಷ್ಯರ ಕ್ಯಾನ್ಸರಿಗೆ ಕೊಡುವುದೇ. ಮೇವು ಬಿಟ್ಟಿದ್ದಾನೆ, ಮಾವ ಪಕ್ಕದಲ್ಲಿ ಕೂತು ಬಾಯಿಗೆ ಹುಲ್ಲು ಇಡುತ್ತಾರೆ. ನಮ್ಮ ವಾರ್ಡಿನ ಹಿಂದೆ ದನ ತಂದವರು ಉಳಿಯಲು ಒಂದು ಕೋಣೆ ಇದೆ, ಅಲ್ಲಿಗೆ ಮಲಗಲೂ ಹೋಗುವುದಿಲ್ಲ.

ನನ್ನ ಗೈಡ್ ಪಾರ್ಥಸಾರಥಿ ಸರ್ ಕೊಯ್ದ ಕೊಂಬನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. "ಯಾರಮ್ಮ ಇದನ್ನ ಹೆರೆದಿರೋದು? ಇಷ್ಟು ಸಮವಾಗಿ ಹೆರೆದದ್ದನ್ನ ನಾನು ನೋಡೇ ಇಲ್ಲ" ಅಂದರು. "ನಮ್ಮ ತಂದೆ ಸರ್" ಅಂದೆ. ಅವರು ಕೊಂಬು ಹಿಡಿದೇ ಮೆಟ್ಟಿಲ ಕಡೆ ತಿರುಗಿದರು. "ಎಷ್ಟು ತೆಳುವಾಗಿದೆ ನೋಡಿ, ಬೆಳಕು ಆಚೆಗೆ ಹಾಯುತ್ತೆ. ಒಳಗಿನ ಜೀವಕ್ಕೆ ಇನ್ನೇನು ರಕ್ಷಣೆ ಉಳೀತು?" ಎಲ್ಲರೂ ಬರೆದುಕೊಂಡರು. ನಾನೂ ಬರೆದುಕೊಂಡೆ.

ಸರ್ ಈ ರೋಗದ ಮೇಲೆ ಬಹಳ ಕಾಲದಿಂದ ಕೆಲಸ ಮಾಡುತ್ತಿದ್ದಾರೆ. ಹೆರೆಯುವುದು, ಬಣ್ಣ, ಬಿಸಿಲು, ನೊಗದ ಹಗ್ಗದ ಉಜ್ಜು, ಎಲ್ಲದರ ಮೇಲೂ ಗುಮಾನಿ ಇದೆ. ಯಾವುದೂ ಗಟ್ಟಿಯಾಗಿಲ್ಲ. ಕೇಳಲು ಸಂಕಟವಾಗುತ್ತದೆ, ಆದರೂ ಕೇಳುತ್ತೇನೆ. ನೀನು ಹೆರೆದ ಬೇರೆ ಎತ್ತುಗಳು ಈಗ ಹೇಗಿವೆ? ನಿನಗೇನಾದರೂ ಗೊತ್ತೇ?

ಶ್ವೇತ


ಕೆಂಚನದೊಡ್ಡಿ
2 ಮಾರ್ಚ್ 2025

ಶ್ವೇತ,

ಗೊತ್ತಿರಲಿಲ್ಲ. ಹೆರೆದು ಎಣ್ಣೆ ಹಚ್ಚಿ ಕಳಿಸಿದ ಮೇಲೆ ಎತ್ತು ಅವರದು, ನಾನು ತಿರುಗಿ ನೋಡಿದವನಲ್ಲ. ಈಗ ನೋಡಿಬರೋಣ ಅಂತ ಹೊರಟೆ. ನಿನ್ನ ಅವ್ವ ಬುತ್ತಿ ಕಟ್ಟಿಕೊಟ್ಟು, "ಸುಮ್ಕಿರಬಾರ್ದಾ, ಕೇಳಿ ಏನ್ ಮಾಡ್ತೀಯ?" ಅಂದಳು. ಅವಳ ಮಾತು ಕೇಳಬೇಕಿತ್ತು.

ಮೊದಲು ಸುತ್ತಲ ದೊಡ್ಡಿ, ಹಳ್ಳಿಗಳಿಗೆ ಹೋದೆ, ಆಮೇಲೆ ಮದ್ದೂರಿಗೆ, ಅಲ್ಲಿಂದ ಶಿವಪುರಕ್ಕೆ. ಸತ್ಯಾಗ್ರಹ ಸೌಧದ ಹತ್ತಿರ ಬಸ್ಸಿಳಿದು ಮಹದೇವಯ್ಯನ ಮನೆ ಹುಡುಕಿದೆ. ಅವನ ಕಂದು ಎತ್ತಿಗೆ ನಾನು ಮಾಡಿದ ಕೊಂಬು ಇನ್ನೂ ನನ್ನ ಕಣ್ಣಲ್ಲಿದೆ. "ಎತ್ತೆಲ್ಲಪ್ಪ?" ಅಂದೆ. ಅವನು ನನ್ನ ಕಿವಿಗೆ ಬಾಯಿಟ್ಟು ಕೂಗಿ ಹೇಳಿದ. "ಕೊಂಬಲ್ಲಿ ಉಳ ಬಿದ್ದು ಸತ್ತೋಯ್ತು ಕಣಣ್ಣ! ನಿಂಗೆ ಯೋಳಿ ಯಾಕೆ ಬೇಜಾರು ಮಾಡ್ಬೇಕು ಅಂತ ಯೋಳ್ನಿಲ್ಲ!" ಬೀದಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಇನ್ನೊಂದು ಮನೆಯಲ್ಲಿ ನೊಗ ತಾಗಿ ಕೊಂಬು ಮುರಿಯಿತು ಅಂದರು. ಮತ್ತೊಂದರಲ್ಲಿ ಮಾಟ ಅಂದರು. ಕೊಂಬು ವಾಲಿತ್ತಾ, ಮೂಗಲ್ಲಿ ರಕ್ತ ಬಂತಾ ಅಂತ ಕೇಳಿದರೆ ಹೌದು ಹೌದು ಅನ್ನುತ್ತಾರೆ. ನನಗೆ ಬೇಜಾರಾದೀತು ಅಂತ ಇಷ್ಟು ಊರಿನವರು ಒಬ್ಬೊಬ್ಬರಾಗಿ ಬಾಯಿ ಮುಚ್ಚಿಕೊಂಡಿದ್ದರು. ನಾನು ಮಾತ್ರ ಎದೆ ಉಬ್ಬಿಸಿಕೊಂಡು ಅವರ ಬೀದಿಯಲ್ಲೇ ಓಡಾಡುತ್ತಿದ್ದೆ.

ಇದನ್ನೂ ಬರೆಯಬೇಕು. ನಾನು ಹೆರೆದ ಎಷ್ಟೋ ಎತ್ತುಗಳು ಚೆನ್ನಾಗಿವೆ. ಹಲ್ಲು ಸವೆದು ಮುದಿಯಾಗಿ ಸತ್ತವೂ ಇವೆ. ಸೋಮನಹಳ್ಳಿಯಲ್ಲಿ ಒಂದು ಜೋಡಿ ನನ್ನನ್ನು ಕಂಡು ಗುರುತು ಹಿಡಿದು ತಲೆ ಚಾಚಿದವು. ಕೊಂಬಿನ ಬುಡವನ್ನೆಲ್ಲ ಒತ್ತಿ ನೋಡಿದೆ, ಗಟ್ಟಿಯಾಗಿತ್ತು. ಅಲ್ಲೇ ಕೂತು ಅತ್ತೆ.

ಉಳಿ, ಅರ ಎಲ್ಲ ಮೂಲೆಗೆ ಹಾಕಿದ್ದೇನೆ. ಎತ್ತು ಹಿಡಿದುಕೊಂಡು ಬಂದವರಿಗೆ ಕೈ ನಡುಗುತ್ತದೆ ಅಂತ ಹೇಳಿ ಕಳಿಸುತ್ತೇನೆ. ಕೈ ನಡುಗುತ್ತಿಲ್ಲ. ನನಗೆ ನಿನ್ನಿಂದ ಒಂದೇ ಮಾತು ಬೇಕು. ಇದು ನನ್ನ ಕೈಯಿಂದ ಬಂತೋ, ಇಲ್ಲವೋ? ಹೌದು ಅಥವಾ ಅಲ್ಲ, ಎರಡರಲ್ಲಿ ಒಂದು ಬರಿ.

ಅಪ್ಪ


ಹಾಸ್ಟೆಲ್
20 ಮಾರ್ಚ್ 2025

ಅಪ್ಪ,

ನೀನು ಬರೆದದ್ದನ್ನೆಲ್ಲ ಪಾರ್ಥಸಾರಥಿ ಸರ್‌ಗೆ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. "ಹೆರೆಸದೇ ಇರೋ ಎತ್ತುಗಳಲ್ಲಿ ಎಷ್ಟಕ್ಕೆ ಬಂದಿದೆ ಅಂತ ಗೊತ್ತೇನಮ್ಮ? ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡದೆ ಹೇಳೋದು ಹೇಗೆ?"

ನಾನು ಏನು ಹೇಳಲಿ? ಹೆರೆಸದ ಹಳ್ಳಿಕಾರು ಜೋಡಿ ನಮ್ಮ ಸೀಮೆಯಲ್ಲಿ ಯಾರ ಮನೆಯಲ್ಲಿದೆ? ಹೆರೆಸದೆ ಬಿಟ್ಟರೆ ಎತ್ತಿಗೆ ದಿಕ್ಕಿಲ್ಲ ಅಂತ ಆಡಿಕೊಳ್ಳುತ್ತಾರೆ. ಸತ್ತದ್ದೂ ಹೆರೆದದ್ದೇ, ಬದುಕಿದ್ದೂ ಹೆರೆದದ್ದೇ. ಅದಕ್ಕೇ ಹೌದು ಅನ್ನಲಾರೆ, ಅಲ್ಲ ಅನ್ನಲೂ ಆರೆ. ಗೊತ್ತಿಲ್ಲ ಅಪ್ಪ.

ದೊಡ್ಡೋನ ವಿಷಯ ಕೆಟ್ಟದ್ದು. ಹೊಲಿಗೆಯ ಕೆಳಗೆ ಮತ್ತೆ ಬೆಳೆದಿದೆ. ಎಡಗಣ್ಣು ಮುಂದಕ್ಕೆ ಬಂದಿದೆ, ಉಸಿರು ಬಾಯಿಯಿಂದ ಎಳೆಯುತ್ತಾನೆ. ನಮ್ಮ ಇಂಜೆಕ್ಷನ್ ಕೆಲಸ ಮಾಡಲಿಲ್ಲ. ಇನ್ನು ನೋವಿಲ್ಲದೆ ಕಳಿಸಿಕೊಡುವುದೊಂದೇ ದಾರಿ, ಅದಕ್ಕೆ ಯಜಮಾನರ ಒಪ್ಪಿಗೆ ಬೇಕು. ಜವರಯ್ಯ ಮಾವ ಒಪ್ಪುತ್ತಿಲ್ಲ. "ಕೊಲ್ಲಾಕೆ ನಾನು ರುಜು ಆಕಾಕಿಲ್ಲ ಕಣವ್ವ. ನನ್ನ ಒಲ ಉತ್ತವ್ನೆ. ಅವನ ಪಾಡಿಗೆ ಅವನು ಓಗ್ಲಿ" ಅನ್ನುತ್ತಾರೆ. ಅವನ ಪಾಡಿಗೆ ಅವನು ಹೋಗುವುದು ಹೇಗಿರುತ್ತದೆ ಅಂತ ನಾನು ದಿನಾ ನೋಡುತ್ತಿದ್ದೇನೆ. ಬೆಳಿಗ್ಗೆ ಹುಳು ತೆಗೆದು ತೊಳೆಯುತ್ತೇನೆ, ಸಂಜೆಯ ಹೊತ್ತಿಗೆ ಮತ್ತೆ ಆಗಿರುತ್ತವೆ.

ನೀನು ಒಂದು ಮಾತು ಹೇಳಿದರೆ ಮಾವ ಒಪ್ಪಬಹುದು. ಅವರಿಗೆ ಫೋನು ಮಾಡಿಸು.

ಶ್ವೇತ


ಕೆಂಚನದೊಡ್ಡಿ
8 ಏಪ್ರಿಲ್ 2025

ಶ್ವೇತ,

ನಿನ್ನ ಕಾಗದ ಬಂದ ದಿನವೇ ಜವರಯ್ಯನೂ ಬಂದ. ಕೈಯಲ್ಲಿ ದೊಡ್ಡೋನ ಮೂಗುದಾರ ಇತ್ತು. ದೊಡ್ಡೋನು ಅವನ ಪಾಡಿಗೆ ಅವನು ಹೋಗಿದ್ದ, ನಾನು ಯಾರಿಗೂ ಯಾವ ಮಾತನ್ನೂ ಹೇಳಬೇಕಾಗಲಿಲ್ಲ.

ಅವನ ಮನೆಗೆ ನಾನು ಹೋದರೆ ಜವರಯ್ಯ ಎದ್ದು ಒಳಗೆ ಹೋಗುತ್ತಾನೆ. ಹೊಂಬಾಳಮ್ಮ ಮಜ್ಜಿಗೆ ಕೊಡುತ್ತಾಳೆ, ಕುಡಿದು ಬರುತ್ತೇನೆ. ಚಿಕ್ಕವರಿದ್ದಾಗ ಒಂದೇ ಮಣೆಯ ಮೇಲೆ ಕೂತು ಉಂಡವರು ನಾವು. ಕಡೆಗೆ ನಿನ್ನೆ ಅವನೇ ಬಂದು ಜಗಲಿಯ ಮೇಲೆ ಕೂತ. ಊರಿನವರು ಅವನ ಮುಂದೆ ನನ್ನ ಮೇಲೆ, ನನ್ನ ಮುಂದೆ ಅವನ ಮೇಲೆ ಹೇಳುತ್ತಿದ್ದಾರೆ. ನನಗೆ ಕೇಳಲಿ ಅಂತ ನಿಧಾನವಾಗಿ ಬಾಯಿ ತೆರೆದು ಹೇಳಿದ. "ತಿಮ್ಮ, ನಿನ್ನ ಮಗಳು ಆ ಆಸ್ಪತ್ರೆಲೇ ಅವ್ಳೆ. ನಿನ್ನ ಕೈಯಿಂದ ಆಯ್ತಾ ಇಲ್ವಾ ಅಂತ ನಂಗೊಂದು ಕಾಗದ ಬರೀಲಿ. ಅವಳು ಏನು ಬರದ್ರೂ ನಾನು ನಂಬ್ತೀನಿ. ಆಮೇಲೆ ನಾನೂ ಈ ಮಾತು ಎತ್ತಾಕಿಲ್ಲ, ಯಾರೂ ಎತ್ತಬಾರ್ದು."

ಅವನ ಅವಸರಕ್ಕೆ ಕಾರಣವಿದೆ. ಚಿಕ್ಕೋನಿಗೆ ಮದ್ದೂರಿನ ಆಚೆಯಿಂದ ಒಂದು ಜೊತೆ ಸಿಕ್ಕಿದೆ. ಒಳ್ಳೆ ಎತ್ತು, ಕೊಂಬು ನೆಟ್ಟಗೆ ನಿಂತಿವೆ. ಅದರ ಪಕ್ಕದಲ್ಲಿ ಚಿಕ್ಕೋನು ಒಪ್ಪಬೇಕಾದರೆ ಅವನ ಕೊಂಬನ್ನು ಇನ್ನೂ ತೆಳುವಾಗಿ ಹೆರೆಯಬೇಕು. ಜವರಯ್ಯನ ಮನಸ್ಸಿನಲ್ಲಿ ಇರುವುದು ಅದು.

ಆದ್ದರಿಂದ ನೋಡಿಕೊಂಡು ಬರಿ. ನನ್ನ ಮುಖ ನೋಡಿ ಬರೆಯಬೇಡ. ನಾನು ಮನೆಮನೆ ತಿರುಗಿ ಬಂದವನು, ನನಗೆ ಅನ್ನಿಸಬೇಕಾದ್ದೆಲ್ಲ ಅನ್ನಿಸಿಬಿಟ್ಟಿದೆ. ನೀನು ಹೌದು ಅಂದರೆ ನನಗೇನೂ ಹೊಸದಾಗಿ ಆಗುವುದಿಲ್ಲ.

ಅಪ್ಪ


ಹಾಸ್ಟೆಲ್
15 ಏಪ್ರಿಲ್ 2025

ಅಪ್ಪ,

ಜವರಯ್ಯ ಮಾವನಿಗೆ ಬರೆದ ಕಾಗದ ಇದರ ಜೊತೆಗಿದೆ. ಮೂರು ಸಲ ಬರೆದು ಹರಿದು ಹಾಕಿದೆ. ಕಡೆಗೆ ಸರ್ ಹೇಳಿದ ಮಾತಿನಲ್ಲೇ ಬರೆದಿದ್ದೇನೆ. ಕೊಂಬು ಹೆರೆದದ್ದರಿಂದಲೇ ಈ ರೋಗ ಬಂತು ಎಂದು ಈಗಿರುವ ತಿಳಿವಳಿಕೆಯಲ್ಲಿ ಖಚಿತವಾಗಿ ಹೇಳಲಾಗದು. ಬೇರೆ ಕಾರಣಗಳೂ ಇರಬಹುದು. ಖಚಿತವಾಗುವ ತನಕ ಹೆರೆಸದಿರುವುದು ಒಳ್ಳೆಯದು. ಕೊಂಬು ವಾಲಿದರೆ, ಎತ್ತು ತಲೆ ಒದರಿದರೆ, ಮೂಗಲ್ಲಿ ರಕ್ತ ಬಂದರೆ ಕೂಡಲೇ ಆಸ್ಪತ್ರೆಗೆ ಕರೆತರಬೇಕು. ಇಷ್ಟೇ.

ನನ್ನ ಮುಖ ನೋಡಿ ಬರೆಯಬೇಡ ಅಂದೆ. ಯಾರ ಮುಖ ನೋಡದೆ ಬರೆಯಲಿ? ಮೊನ್ನೆ ನಮ್ಮ ಮ್ಯೂಸಿಯಮ್ಮಿನ ಕಪಾಟಿನಲ್ಲಿ ದೊಡ್ಡೋನ ಕೊಂಬನ್ನು ಸೀಳಿ ಇಟ್ಟರು. ಒಂದು ಪಕ್ಕ ನಿನ್ನ ನಯ, ಒಂದು ಪಕ್ಕ ಆ ಹುಣ್ಣು. ಹೊಸ ಬ್ಯಾಚಿನ ಹುಡುಗಿ ಒಬ್ಬಳು "ಎಷ್ಟು ಚೆನ್ನಾಗಿ ಪಾಲಿಶ್ ಮಾಡಿದ್ದಾರೆ ಮೇಡಂ" ಅಂದಳು. ಹೌದು ಅಂದೆ. ಅವಳು ನನ್ನ ತಂದೆಯನ್ನು ಕೊಂಡಾಡುತ್ತಿದ್ದಾಳೆ ಅಂತ ಅವಳಿಗೆ ಗೊತ್ತಿಲ್ಲ. ಆ ಕೋಣೆಗೆ ಹೋಗುವುದನ್ನು ಬಿಟ್ಟಿದ್ದೇನೆ.

ಮಾವ ಮತ್ತೆ ನಿನ್ನ ಜಗಲಿಯಲ್ಲಿ ಕೂರುವಂತಾಗಲಿ. ನನಗೆ ಅಷ್ಟಾದರೆ ಸಾಕು.

ಶ್ವೇತ


ಕೆಂಚನದೊಡ್ಡಿ
2 ಜೂನ್ 2025

ಶ್ವೇತ,

ಜವರಯ್ಯ ನಿನ್ನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಊರೆಲ್ಲ ತಿರುಗಿದ. ಹಾಲಿನ ಡೈರಿಯ ಮುಂದೆ ನಿಂತು ನಾಲ್ಕು ಜನಕ್ಕೆ ಓದಿಸಿದ. ಜಗಲಿಗೂ ಬಂದ. ನಾನು ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡೆ. ಕೆಲವು ವಾರ ಎಲ್ಲ ಮೊದಲಿನಂತೆಯೇ ಇತ್ತು.

ಆಮೇಲೆ ಚಿಕ್ಕೋನನ್ನು ಹಿಡಿದುಕೊಂಡು ಬಂದ. ನಾನು ಆಗುವುದಿಲ್ಲ ಅಂದೆ. ಆಗಲೇ ನೋಡಿದೆ, ಬಲಗೊಂಬು ತುಸು ವಾಲಿತ್ತು. ಬೇರೆ ಯಾರ ಕಣ್ಣಿಗೂ ಕಾಣುತ್ತಿರಲಿಲ್ಲ, ನನಗೆ ಕಂಡಿತು. ಬುಡ ಒತ್ತಿದರೆ ಎತ್ತು ಹಿಂದಕ್ಕೆ ಎಳೆಯಿತು. "ಜವರ, ಇದೂ ಅದೇ ಕಣ್ಲಾ. ಈವತ್ತೇ ಆಸ್ಪತ್ರೆಗೆ ಓಡಿಸು" ಅಂದೆ. ಅವನು ನಿನ್ನ ಕಾಗದ ತೆಗೆದು ನನ್ನ ಮುಂದೆ ಹಿಡಿದ. "ನಿನ್ನ ಮಗಳೇ ಯೋಳಕ್ಕಾಗಲ್ಲ ಅಂದವ್ಳೆ. ಡಾಕ್ಟ್ರಿಗೇ ಗೊತ್ತಿಲ್ದೆ ಇರೋದು ನಿಂಗೆಂಗ್ಲಾ ಗೊತ್ತಾಯ್ತು?" ಅಂದ. ಕೆಳಗಿನ ಸಾಲುಗಳನ್ನು ಬೆರಳಿಟ್ಟು ತೋರಿಸಿದೆ. "ಅವೆಲ್ಲ ಡಾಕ್ಟ್ರು ಯಾವಾಗ್ಲೂ ಬರೆಯೋ ಮಾತು ಬುಡ್ಲಾ. ಕೆಮ್ಮಿಗೆ ಓದ್ರೂ ತಣ್ಣೀರು ಕುಡೀಬೇಡಿ ಅಂತಾರೆ" ಅಂದ.

ನಿನ್ನೆ ಕೊಂಬು ಹೆರೆಯಲು ಸೋಮನಹಳ್ಳಿ ಕಡೆಯ ಒಬ್ಬನನ್ನು ಕರೆಸಿದ. ನಾನು ಓಡಿಹೋದೆ. ಚಿಕ್ಕೋನ ತಲೆಯನ್ನು ಆಗಲೇ ಮರಕ್ಕೆ ಬಿಗಿದಿದ್ದರು. ನಾನು ಹೋಗಿ ಕೊಂಬನ್ನು ಎರಡು ಕೈಯಲ್ಲಿ ತಬ್ಬಿ ಹಿಡಿದೆ. ಬಿಡಿಸಿದರು. ಮತ್ತೆ ಹಿಡಿದೆ, ಮತ್ತೆ ಬಿಡಿಸಿದರು. ಆಮೇಲೆ ಇಬ್ಬರು ನನ್ನ ರಟ್ಟೆ ಹಿಡಿದು ಎದುರು ಜಗಲಿಯಲ್ಲಿ ಕೂರಿಸಿದರು. ನನಗೆ ಹೊಟ್ಟೆಕಿಚ್ಚು ಅಂದರಂತೆ, ನಿನ್ನ ಅವ್ವ ಆಮೇಲೆ ಹೇಳಿದಳು. ಆ ಸೋಮನಹಳ್ಳಿಯವನಿಗೆ ಕೆಲಸ ಬರುವುದಿಲ್ಲ ಶ್ವೇತ. ಉಳಿಯನ್ನು ಅಡ್ಡ ಹಾಕಿದ, ಬುಡದಲ್ಲಿ ಜೀವಕ್ಕೇ ಇಳಿಸಿದ. ಚಿಕ್ಕೋನು ಬಾಯಿ ತೆರೆದದ್ದು ಕಂಡಿತು, ಕೂಗಿದ್ದು ನನಗೆ ಕೇಳಲಿಲ್ಲ. ಸುತ್ತ ಇದ್ದವರು ಕಿವಿ ಮುಚ್ಚಿಕೊಂಡರು. ಕೊಂಬು ಬುಡಸಮೇತ ಕಿತ್ತು ಅವನ ಕೈಗೆ ಬಂತು. ಎತ್ತಿನ ಬಲಹೊಳ್ಳೆಯಿಂದ ರಕ್ತ ಸುರಿಯಿತು.

ಜವರಯ್ಯ ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟ. ಹೊಂಬಾಳಮ್ಮ ಸೆರಗು ಹರಿದು ಗಾಯಕ್ಕೆ ಒತ್ತಿ ಹಿಡಿದಳು. ಈ ಕಾಗದ ತಂದುಕೊಡುತ್ತಿರುವವನು ಜವರಯ್ಯ, ಎತ್ತು ಹೊರಗೆ ಟೆಂಪೊದಲ್ಲಿದೆ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ನೀನು ಗೊತ್ತಿದ್ದಷ್ಟು ಬರೆದೆ. ಆದರೆ ಈಗಲಾದರೂ ಹೌದು ಅಂತ ಬರಿ. ಯಾರೋ ಒಬ್ಬರ ಕೈ ಅಂತ ಬರೆದರೆ ಜನ ಕೇಳುವುದಿಲ್ಲ. ನನ್ನ ಹೆಸರು ಹಾಕಿ ಬರಿ. ಈ ಸೀಮೆಯಲ್ಲಿ ಕೊಂಬಿನ ಮಾತಿಗೆ ನನ್ನ ಹೆಸರು ನಡೆಯುತ್ತದೆ.

ಅಪ್ಪ


ಹಾಸ್ಟೆಲ್
9 ಜೂನ್ 2025

ಅಪ್ಪ,

ಚಿಕ್ಕೋನು ಹೋದ. ತಲೆಯೊಳಗೆಲ್ಲ ಹರಡಿತ್ತು. ಈ ಸಲ ನಾವು ಕೇಳುವ ಮುಂಚೆಯೇ ಜವರಯ್ಯ ಮಾವ ರುಜು ಹಾಕಿದರು. "ನೀನೇ ಕೊಡವ್ವ, ಬ್ಯಾರೆಯೋರು ಬ್ಯಾಡ" ಅಂದರು. ನಾನೇ ಇಂಜೆಕ್ಷನ್ ಕೊಟ್ಟೆ. ಮಾವ ಕುತ್ತಿಗೆ ಹಿಡಿದುಕೊಂಡಿದ್ದರು. ಬೇಗ ಮುಗಿಯಿತು.

ಆಮೇಲೆ ಅವರು ನನ್ನ ಆ ಕಾಗದವನ್ನು ಜೇಬಿನಿಂದ ತೆಗೆದು ನನಗೇ ವಾಪಸ್ಸು ಕೊಟ್ಟರು. ಓದಿ ನೋಡಿದೆ. ಡಾಕ್ಟರಾಗಿ ಬರೆದೆ ಅಂದುಕೊಂಡಿದ್ದೆ. ಅಲ್ಲ ಅಪ್ಪ, ನಿನ್ನ ಮಗಳಾಗಿ ಬರೆದಿದ್ದೆ. ಗೊತ್ತಿಲ್ಲ ಅನ್ನುವುದು ನಿಜವಾಗಿತ್ತು, ಆ ನಿಜದ ಹಿಂದೆ ನಿನ್ನನ್ನು ಬಚ್ಚಿಟ್ಟೆ.

ನನ್ನ ಹತ್ತಿರ ಇವತ್ತೂ ಪುರಾವೆ ಇಲ್ಲ. ಸರ್‌ಗೆ ತೋರಿಸಿದರೆ ಇದಕ್ಕೆ ಸಹಿ ಹಾಕಬೇಡ ಅನ್ನುತ್ತಾರೆ. ಅದಕ್ಕೇ ತೋರಿಸಿಲ್ಲ. ಕೆಳಗಿನಷ್ಟನ್ನು ಕತ್ತರಿಸಿ ಡೈರಿಯ ಗೋಡೆಗೆ ಅಂಟಿಸು. ಮದ್ದೂರಿಗೂ ಶಿವಪುರಕ್ಕೂ ನಾನೇ ಕಳಿಸುತ್ತೇನೆ. ಅಂಟಿಸುವಾಗ ಅವ್ವ ನಿನ್ನ ಜೊತೆಗಿರಲಿ.

ಎತ್ತು ಕಟ್ಟಿದವರಿಗೆಲ್ಲ:

ಕೆಂಚನದೊಡ್ಡಿಯ ತಿಮ್ಮಯ್ಯ ಕೊಂಬು ಹೆರೆದ ಎತ್ತುಗಳು ಕೊಂಬಿನ ಕ್ಯಾನ್ಸರಿನಿಂದ ಸತ್ತಿವೆ. ಅವನಷ್ಟು ಚೆನ್ನಾಗಿ ಹೆರೆಯುವವರು ಇನ್ನೊಬ್ಬರಿಲ್ಲ, ಅವನ ಕೈಯಲ್ಲೇ ಸತ್ತಿವೆ. ಯಾರಿಂದಲೂ ಹೆರೆಸಬೇಡಿ. ಕೊಂಬು ವಾಲಿದರೆ ಆಸ್ಪತ್ರೆಗೆ ತನ್ನಿ.

ಡಾ. ಶ್ವೇತ,
ತಿಮ್ಮಯ್ಯನ ಮಗಳು